ಹೊಲದ ನಡುವಿನ ಸಂಪು

"ಇದು ಸಂಪು ಕಣಮ್ಮ" ಅಂದರು ಅಪ್ಪ. "ಕಟ್ಟಿ, ಮುಚ್ಚಳ ಹಾಕೋದು ಮರ್ತು ಹೋಗಿದ್ದಾರೆ."

ನಾವು ನಿಂತಿದ್ದು ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ, ಒಂದು ಗೋಧಿ ಹೊಲದ ಬದುವಿನ ಮೇಲೆ. ಎದುರಿಗೆ ನೆಲದಿಂದ ಮೂರಡಿಯಷ್ಟು ಎದ್ದ ಕಾಂಕ್ರೀಟ್ ಪೆಟ್ಟಿಗೆ. ಅದರ ಮೇಲೆ ದಪ್ಪ ಚಪ್ಪಡಿ. ಚಪ್ಪಡಿಗೂ ಗೋಡೆಗೂ ನಡುವೆ ನಾಲ್ಕೂ ಕಡೆ ಉದ್ದಕ್ಕೆ ಒಂದು ಸೀಳು. ಅಲ್ಲಿಂದ ಹತ್ತು ಹೆಜ್ಜೆ ಆಚೆ ನೆಲದೊಳಗೆ ಇಳಿಯುವ ಮೆಟ್ಟಿಲು. ಎರಡು ಮೆಟ್ಟಿಲು ಕಾಣುತ್ತಿದ್ದವು. ಮೂರನೆಯದರಿಂದ ಕೆಳಗೆ ಹಸಿರು ನೀರು. ನೀರಿನ ಮೇಲೆ ಯಾರೋ ಎಸೆದ ಪ್ಲಾಸ್ಟಿಕ್ ಬಾಟಲಿ.

ಅಪ್ಪ ಅರಸೀಕೆರೆ ಸುತ್ತಮುತ್ತ ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಕಲ್ಲುಮಣ್ಣು ಹೊರುವುದರಿಂದ ಶುರು ಮಾಡಿ ಮೇಸ್ತ್ರಿ ಆದವರು. ಮೂರು ತಿಂಗಳಿಗೆ ಅಂತ ನನ್ನ ಮನೆಗೆ ಬಂದಿದ್ದರು. ಮ್ಯೂಸಿಯಂ, ಪಾರ್ಕು, ಮಾಲು ಅಂತ ನಾನು ಕರೆದುಕೊಂಡು ಹೋದ ಕಡೆಯೆಲ್ಲ ಹತ್ತು ನಿಮಿಷಕ್ಕೆ "ಹೋಗೋಣ್ವಾ?" ಅನ್ನುತ್ತಿದ್ದರು. ಇಲ್ಲಿ ಮಾತ್ರ ಒಂದೂವರೆ ಗಂಟೆ ನಿಂತರು. ಹೊಲದವರನ್ನು ಕೇಳಿಕೊಂಡೇ ಹೋಗಿದ್ದೆವು. ಆದರೂ ಆತ ಎರಡು ಸಲ ಟ್ರ್ಯಾಕ್ಟರ್ ನಿಲ್ಲಿಸಿ ನಮ್ಮ ಕಡೆ ನೋಡಿದ. ಇಷ್ಟು ಹೊತ್ತು ಇದನ್ನು ಯಾರು ನೋಡುತ್ತಾರೆ ಅಂತ ಅವನಿಗೆ ಅನ್ನಿಸಿರಬೇಕು.

ಅದು ಸಂಪಲ್ಲ. ಎರಡನೇ ಮಹಾಯುದ್ಧದ ಕಾಲದ ಬ್ಯಾಟಲ್ ಹೆಡ್‌ಕ್ವಾರ್ಟರ್ಸ್. ಆ ಗೋಧಿ ಹೊಲವೇ ಆಗ ಬಾಂಬರ್ ವಿಮಾನಗಳ ನಿಲ್ದಾಣ. ಶತ್ರು ಬಂದು ನಿಲ್ದಾಣದ ಮೇಲೇ ಇಳಿದುಬಿಟ್ಟರೆ, ಅದನ್ನು ಕಾಯುವ ಅಧಿಕಾರಿ ಈ ಪೆಟ್ಟಿಗೆಯೊಳಗೆ ಕೂತು ಕಾದಾಟ ನಡೆಸಬೇಕಿತ್ತು. ಲಿಂಕನ್‌ಶೈರ್ ಒಂದರಲ್ಲೇ ಯುದ್ಧ ಮುಗಿಯುವ ಹೊತ್ತಿಗೆ ಐವತ್ತರ ಹತ್ತಿರ ನಿಲ್ದಾಣಗಳಿದ್ದವು. ಯುದ್ಧ ಮುಗಿದ ಮೇಲೆ ರನ್‌ವೇ ಕಾಂಕ್ರೀಟನ್ನು ಎಷ್ಟೋ ಕಡೆ ಕಿತ್ತು, ಪುಡಿ ಮಾಡಿ, ರಸ್ತೆಗೆ ಹಾಕಿದರು. ಹ್ಯಾಂಗರ್‌ಗಳು ಗೋದಾಮಾದವು. ಈ ಪೆಟ್ಟಿಗೆಗಳನ್ನು ಒಡೆಯಲು ಆಗುವ ಖರ್ಚು ಅದರಿಂದ ಸಿಗುವ ನೆಲದ ಬೆಲೆಗಿಂತ ಜಾಸ್ತಿ. ಹಾಗಾಗಿ ಉಳಿದುಕೊಂಡಿವೆ.

ನಾನು ಇಂಥವನ್ನು ನೋಡಲು ಶುರು ಮಾಡಿ ಐದಾರು ವರ್ಷ ಆಯಿತು. ವಾಕಿಂಗ್ ಹೋದಾಗ ಒಂದು ಕಂಡಿತು, ಆಮೇಲೆ ಚಟ ಹತ್ತಿತು. ನನಗೆ ಯುದ್ಧದ ಹುಚ್ಚಿಲ್ಲ. ಟ್ಯಾಂಕು, ಬಂದೂಕಿನ ಮಾಡೆಲ್ ನಂಬರ್ ತಲೆಗೆ ಹತ್ತುವುದಿಲ್ಲ. ಹಿಡಿಸಿದ್ದು ಒಂದು ವಿಚಿತ್ರ ತೊಂದರೆ. ಕೋಟೆ ಅಂದರೆ ಎತ್ತರದಲ್ಲಿ ಇರಬೇಕು, ಗಟ್ಟಿ ಗೋಡೆ ಇರಬೇಕು, ಅಲ್ವಾ? ವಿಮಾನ ನಿಲ್ದಾಣ ಅಂದರೆ ಅದಕ್ಕೆ ತದ್ವಿರುದ್ಧ. ಚಪ್ಪಟೆ ಇರಬೇಕು, ಖಾಲಿ ಇರಬೇಕು, ಒಂದು ಗುಬ್ಬಚ್ಚಿಗೂಡೂ ಅಡ್ಡ ಬರಬಾರದು. ಅಂಥ ಜಾಗಕ್ಕೆ ಕೋಟೆ ಕಟ್ಟು ಅಂದರೆ ಎಲ್ಲಿ ಕಟ್ಟುತ್ತೀರಿ?

1940ರ ವಸಂತದ ತನಕ ಬ್ರಿಟಿಷರು ಇದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಂಡಿರಲಿಲ್ಲ. ವಿಮಾನ ನಿಲ್ದಾಣಕ್ಕೆ ಬರುವ ಅಪಾಯ ಅಂದರೆ ಮೇಲಿಂದ ಬೀಳುವ ಬಾಂಬು ಅಂತಲೇ ಲೆಕ್ಕ. 1940ರ ಏಪ್ರಿಲ್ 9ರಂದು ಜರ್ಮನ್ನರು ನಾರ್ವೆಯ ಸೋಲಾ ನಿಲ್ದಾಣದ ಮೇಲೆ ಪ್ಯಾರಾಚೂಟ್ ಸೈನಿಕರನ್ನು ಇಳಿಸಿ ಹಿಡಿದರು. ಒಂದು ತಿಂಗಳ ಮೇಲೆ, ಮೇ 10ರಂದು, ಹಾಲೆಂಡಿನ ವಾಲ್‌ಹಾವನ್, ಈಪನ್‌ಬರ್ಗ್, ವಾಲ್ಕನ್‌ಬರ್ಗ್ ನಿಲ್ದಾಣಗಳ ಮೇಲೂ ಅದೇ ಆಟ. ಮೊದಲು ಪ್ಯಾರಾಚೂಟಿನವರು ಬರುತ್ತಾರೆ, ನೆಲ ಹಿಡಿಯುತ್ತಾರೆ. ಹಿಂದೆಯೇ ಸೈನಿಕರನ್ನು ತುಂಬಿಕೊಂಡ ಯುಂಕರ್ಸ್ ವಿಮಾನಗಳು ಬಂದು ಇಳಿಯುತ್ತವೆ. ವಾಲ್ಕನ್‌ಬರ್ಗ್‌ನಲ್ಲಿ ನೆಲ ಇನ್ನೂ ಹದಕ್ಕೆ ಬಂದಿರಲಿಲ್ಲ. ಇಳಿದ ವಿಮಾನಗಳ ಚಕ್ರ ಕೆಸರಿನಲ್ಲಿ ಹೂತು ಅಲ್ಲೇ ಕೂತವು. ನಿಲ್ದಾಣ ಕಾಯುವ ಕೆಲಸ ಅಲ್ಲಿ ಒಂದಿಷ್ಟು ಮಟ್ಟಿಗೆ ಕೆಸರೇ ಮಾಡಿತು.

ಇಂಗ್ಲೆಂಡಿನಲ್ಲಿ ಗಾಬರಿ ಬಿತ್ತು. ಅದೇ ಮೇ ಕೊನೆಯ ಹೊತ್ತಿಗೆ ಯುದ್ಧ ಇಲಾಖೆಯ ಎಫ್‌ಡಬ್ಲ್ಯೂ3 ಅನ್ನುವ ವಿಭಾಗ ಪಿಲ್‌ಬಾಕ್ಸ್‌ಗಳ ನಕ್ಷೆ ತಯಾರಿಸಲು ಕೂತಿತು. ಪಿಲ್‌ಬಾಕ್ಸ್ ಅಂದರೆ ಬಂದೂಕಿನ ಕಿಂಡಿ ಇರುವ ಪುಟ್ಟ ಕಾಂಕ್ರೀಟ್ ಗೂಡು. ಆರು ಮೂಲೆಯದು, ಚೌಕದ್ದು, ಎಂಟು ಮೂಲೆಯದು, ಹೀಗೆ ಒಂದೊಂದಕ್ಕೂ ಒಂದು ನಂಬರ್. ಸೈನ್ಯದ ಎಂಜಿನಿಯರುಗಳು ಮೇಲೆ ನಿಂತು ನೋಡಿಕೊಂಡರು, ಕಟ್ಟಿದ್ದು ಹೆಚ್ಚಾಗಿ ಊರೂರಿನ ಕಂಟ್ರಾಕ್ಟರುಗಳು. ಪಿಲ್‌ಬಾಕ್ಸ್ ಮತ್ತು ಅಂಥ ಕಾವಲು ಕಟ್ಟಡ ಎಲ್ಲ ಸೇರಿ ಸುಮಾರು 28,000 ಎದ್ದವು. ಈಗ 6,500ರಷ್ಟು ಉಳಿದಿವೆ.

ನಾವು ನೋಡಿದ ಹೊಲದ ಇನ್ನೊಂದು ಬದಿಗೆ, ಮುಳ್ಳುಪೊದೆಯೊಳಗೆ, ಆರು ಮೂಲೆಯದೊಂದು ಇತ್ತು. ಅಪ್ಪನಿಗೆ ಅದು ಸಂಪಿಗಿಂತ ಇಷ್ಟವಾಯಿತು. ಹೊರಗೆ ಪೂರ್ತಿ ಇಟ್ಟಿಗೆ.

"ಇಟ್ಟಿಗೆ ಯಾಕೆ ಹಾಕಿದ್ದಾರೆ ಗೊತ್ತಾ?" ಅಂದರು. "ಗುಂಡು ತಡೆಯೋಕೆ" ಅಂದೆ.

"ಅಯ್ಯೋ, ಒಂದಿಟ್ಟಿಗೆ ಏನ್ ತಡೆಯುತ್ತೆ. ಹಲಗೆ ಸಿಕ್ಕಿಲ್ಲ ಇವರಿಗೆ. ಇಟ್ಟಿಗೇನೇ ಸೆಂಟ್ರಿಂಗ್ ಮಾಡ್ಕೊಂಡು ಒಳಗೆ ಕಾಂಕ್ರೀಟ್ ಸುರಿದಿದ್ದಾರೆ. ಬಿಚ್ಚೋ ಕೆಲಸಾನೂ ಉಳೀತು."

ನಾನು ಇದನ್ನು ಓದಿ ತಿಳಿದುಕೊಳ್ಳಲು ಒಂದು ವರ್ಷ ಬೇಕಾಗಿತ್ತು. ಅಪ್ಪ ಎರಡು ನಿಮಿಷಕ್ಕೆ ಹೇಳಿದರು, ಅದೂ ಮುರಿದುಬಿದ್ದ ಒಂದು ಮೂಲೆಯನ್ನು ಉಗುರಿನಿಂದ ಕೆರೆದು ನೋಡಿ. ನಿಜ, ಆಗ ಮರಕ್ಕೆ ಬರ. ಇಟ್ಟಿಗೆ ಧಾರಾಳವಾಗಿತ್ತು, ಇಟ್ಟಿಗೆ ಕಟ್ಟುವವರೂ ಇದ್ದರು. ಒಳಗಿನ ಕಾಂಕ್ರೀಟು ಹನ್ನೆರಡರಿಂದ ಹದಿನೈದು ಇಂಚು. ಬಂದೂಕಿನ ಗುಂಡು ತಡೆಯಲು ಅಷ್ಟು ಸಾಕು. ಫಿರಂಗಿಯ ಗುಂಡಿಗೂ ನಿಲ್ಲಬೇಕು ಅಂದರೆ ಮೂರೂವರೆ ಅಡಿ ಬೇಕು, ಅಂಥವೂ ಇದ್ದವು.

ಬಾಗಿ ಒಳಗೆ ಹೋದೆವು. ಬಾಗಿಲು ಅಂದರೆ ಕುರಿ ನುಗ್ಗುವಷ್ಟು. ಒಳಗೆ ಕುರಿಯದೇ ವಾಸನೆ. ನಡುವೆ ಮೂರು ರೆಕ್ಕೆಯ ಒಂದು ಅಡ್ಡ ಗೋಡೆ. ಇಡೀ ಗೂಡನ್ನು ಮೂರು ಪಾಲು ಮಾಡಿದ ಹಾಗೆ. ಇದು ಚಾವಣಿಗೆ ಆಸರೆ ಇರಬೇಕು ಅಂತ ಅಪ್ಪ ಅಂದುಕೊಂಡರು. ಅದಕ್ಕೂ ಆಗುತ್ತದೆ, ಆದರೆ ಮುಖ್ಯ ಕೆಲಸ ಬೇರೆ. ಒಂದು ಕಿಂಡಿಯಿಂದ ಒಳಗೆ ಬಂದ ಗುಂಡು ಗೋಡೆಗೆ ತಾಗಿ, ಪುಟಿದು, ಒಳಗಿದ್ದವರನ್ನೆಲ್ಲ ಹೊಡೆಯಬಾರದು. ಅಡ್ಡ ಗೋಡೆ ಇದ್ದರೆ ಸಾಯುವುದು ಒಂದು ಪಾಲಿನವರು ಮಾತ್ರ. ಇದನ್ನು ಹೇಳಿದ ಮೇಲೆ ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆ ಅಡ್ಡ ಗೋಡೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಆಮೇಲೆ ಅವರು ಕೇಳಿದ ಪ್ರಶ್ನೆ ಒಳ್ಳೆಯದಿತ್ತು. "ಈ ಕಿಂಡಿ ಎಲ್ಲಾ ಒಳಗಡೆ ಯಾಕೆ ನೋಡ್ತಾ ಇವೆ?"

ಸರಿಯಾಗಿ ನೋಡಿದರೆ ಹೌದು. ಮೂರು ಕಿಂಡಿಗಳ ಮುಖ ಹೊಲದ ಕಡೆಗೆ, ಅಂದರೆ ತಮ್ಮದೇ ರನ್‌ವೇ ಕಡೆಗೆ. ಕೋಟೆಯ ಬುರುಜು ಹೊರಗೆ ನೋಡುತ್ತದೆ. ಚಿತ್ರದುರ್ಗಕ್ಕೆ ಹೋದವರಿಗೆ ಅದು ಗೊತ್ತು. ಇಲ್ಲಿ ಬಂದೂಕು ತಿರುಗಿದ್ದು ಮನೆಯೊಳಕ್ಕೆ, ಅಂಗಳಕ್ಕೆ. 1940ರಲ್ಲಿ ಅವರ ತಲೆಯಲ್ಲಿದ್ದ ಚಿತ್ರವೇ ಹಾಗಿತ್ತು. ಶತ್ರು ಬೇಲಿ ದಾಟಿ ಬರುವುದಿಲ್ಲ. ಆಕಾಶದಿಂದ ಸೀದಾ ನಡುಮನೆಗೆ ಬೀಳುತ್ತಾನೆ. ಆದ್ದರಿಂದ ನಡುಮನೆಗೆ ಗುರಿ ಇಡು. ತನ್ನ ಅಂಗಳವನ್ನೇ ಶತ್ರುವಿನ ನೆಲ ಅಂತ ನೋಡುವ ಕಟ್ಟಡವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಯೋಚನೆಯನ್ನು ತುದಿ ಮುಟ್ಟಿಸಿದ್ದು ಪಿಕೆಟ್-ಹ್ಯಾಮಿಲ್ಟನ್ ಫೋರ್ಟ್. ನಡುಮನೆಗೆ ಗುರಿ ಇಡುವುದಾದರೆ ನಡುಮನೆಯಲ್ಲೇ ಇರಬಾರದೇಕೆ ಅಂತ ಅದನ್ನು ಮಾಡಿದವರು ಕೇಳಿಕೊಂಡರು. ಒಂದರೊಳಗೆ ಒಂದು ಕೂರುವ ಎರಡು ಕಾಂಕ್ರೀಟ್ ಉಂಗುರ. ಬಾವಿಗೆ ಇಳಿಸುವ ರಿಂಗ್ ನೆನಪು ಮಾಡಿಕೊಳ್ಳಿ. ಹೊರಗಿನದು ನೆಲದೊಳಗೆ ಹೂತಿರುತ್ತದೆ. ಒಳಗಿನದಕ್ಕೆ ಮುಚ್ಚಳ, ಕಿಂಡಿ ಎಲ್ಲ ಉಂಟು. ಸುಮ್ನೆ ಇದ್ದಾಗ ಅದರ ಮುಚ್ಚಳ ನೆಲಕ್ಕೆ ಸಮ, ವಿಮಾನಗಳಿಗೆ ಅಡ್ಡ ಇಲ್ಲ. ಶತ್ರು ಬಂದ ಅಂದರೆ ಮೂರ್ನಾಲ್ಕು ಜನ ಓಡಿ ಹೋಗಿ, ಮುಚ್ಚಳದ ಕಂಡಿಯಿಂದ ಒಳಗೆ ಇಳಿದು, ಗಾಳಿಯ ಒತ್ತಡದಿಂದ ಒಳಗಿನ ಉಂಗುರವನ್ನು ಎರಡೂವರೆ ಅಡಿ ಮೇಲೆತ್ತಬೇಕು. ಅದು ಕೆಟ್ಟರೆ ಕೈಪಂಪು. ಬಯಲಿನ ನಡುವೆ ಇದ್ದಕ್ಕಿದ್ದ ಹಾಗೆ ಒಂದು ಗುಂಡಗಿನ ಕೋಟೆ ಎದ್ದು ನಿಲ್ಲುತ್ತದೆ.

1940ರ ಜುಲೈನಲ್ಲಿ ಚರ್ಚಿಲ್ ಲ್ಯಾಂಗ್ಲಿಯ ನಿಲ್ದಾಣದಲ್ಲಿ ಇದನ್ನು ಕಂಡು ಮೆಚ್ಚಿಕೊಂಡರು. ಎಲ್ಲ ಕಡೆ ಹಾಕಿಸಿ ಅಂತ ಬರೆದರು. ಪ್ರಧಾನಿ ಮೆಚ್ಚಿದ ಮೇಲೆ ಕೇಳಬೇಕಾ, ಮುನ್ನೂರಕ್ಕೂ ಹೆಚ್ಚು ಹಾಕಿಸಿದರು. ಟ್ಯಾಂಗ್‌ಮಿಯರ್‌ನ ಮ್ಯೂಸಿಯಂನಲ್ಲಿ ಒಂದನ್ನು ಕಿತ್ತು ತಂದು ಇಟ್ಟಿದ್ದಾರೆ. ನೋಡಿದರೆ ಆಟದ ಸಾಮಾನಿನ ಹಾಗಿದೆ. ನನಗೆ ಅದನ್ನು ಕಂಡರೆ ಒಂದು ಕಡೆ ನಗು, ಇನ್ನೊಂದು ಕಡೆ ಹೊಟ್ಟೆ ಚುರುಕ್ ಅನ್ನುತ್ತದೆ. ಗುಂಡು ಹಾರುತ್ತಿರುವಾಗ ಆ ಬಯಲಿನಲ್ಲಿ ಓಡಿಹೋಗಿ, ಎರಡಾಳು ಅಗಲದ ಆ ಗುಂಡಿಗೆ ಇಳಿಯಬೇಕಾದವನು ಯಾರೋ ಇಪ್ಪತ್ತು ವರ್ಷದ ಹುಡುಗ.

ಅಪ್ಪನಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಅವರು ಓಡುವ ಹುಡುಗನ ಬಗ್ಗೆ ಕೇಳಲಿಲ್ಲ. "ತಳಕ್ಕೆ ನೀರು ಬರಲ್ವಾ?" ಅಂದರು. ಬರುತ್ತಿತ್ತು. ಅದೇ ಅದರ ದೊಡ್ಡ ರೋಗ. ನೀರು ತುಂಬುತ್ತಿತ್ತು, ಯಂತ್ರ ಕೈ ಕೊಡುತ್ತಿತ್ತು.

ಯೋಚನೆ ಬದಲಾಗಿದ್ದು 1941ರಲ್ಲಿ. ಮೇ 20ರಂದು ಜರ್ಮನ್ನರು ಗ್ರೀಸಿನ ಕ್ರೀಟ್ ದ್ವೀಪದ ಮೇಲೆ ಪ್ಯಾರಾಚೂಟ್ ಮತ್ತು ಗ್ಲೈಡರ್‌ಗಳಲ್ಲಿ ಇಳಿದರು. ಮಲೆಮೆ ಅನ್ನುವ ನಿಲ್ದಾಣವನ್ನು ಕಾಯುತ್ತಿದ್ದುದು ನ್ಯೂಜಿಲೆಂಡಿನ ಒಂದು ಬೆಟಾಲಿಯನ್. ನಿಲ್ದಾಣದ ಪಕ್ಕಕ್ಕೆ 107 ಅನ್ನುವ ಗುಡ್ಡ, ಅಲ್ಲಿಂದ ರನ್‌ವೇ ಪೂರ್ತಿ ಕಾಣುತ್ತದೆ. ಜರ್ಮನ್ನರು ನಡುಮನೆಗೆ ಬೀಳಲಿಲ್ಲ. ಹೆಚ್ಚಿನವರು ಸುತ್ತಮುತ್ತ, ಹೊಳೆಯ ಪಾತ್ರದಲ್ಲಿ, ಆಲಿವ್ ತೋಟಗಳಲ್ಲಿ ಇಳಿದು, ಹೊರಗಿನಿಂದ ಒಳಗೆ ಬಂದರು. ಸತ್ತವರೂ ಲೆಕ್ಕವಿಲ್ಲದಷ್ಟು. ಸಂಜೆ ಹೊತ್ತಿಗೆ ನ್ಯೂಜಿಲೆಂಡಿನ ಕಮಾಂಡರ್‌ಗೆ ತನ್ನದೇ ತುಕಡಿಗಳ ಸಂಪರ್ಕ ತಪ್ಪಿತ್ತು. ಮುಂದೆ ಇದ್ದವರು ಮುಗಿದೇ ಹೋದರು ಅಂದುಕೊಂಡ. ರಾತ್ರಿ ಗುಡ್ಡ ಬಿಟ್ಟು ಹಿಂದೆ ಸರಿದ. ಅವರಲ್ಲಿ ಹಲವರು ಇನ್ನೂ ಇದ್ದರು, ಹೋರಾಡುತ್ತಲೇ ಇದ್ದರು. ಬೆಳಗ್ಗೆ ಗುಡ್ಡ ಜರ್ಮನ್ನರದಾಯಿತು. ಮಧ್ಯಾಹ್ನದ ಮೇಲೆ ಯುಂಕರ್ಸ್ ವಿಮಾನಗಳು ಇಳಿಯತೊಡಗಿದವು. ಹತ್ತು ಹನ್ನೆರಡು ದಿನದಲ್ಲಿ ದ್ವೀಪ ಹೋಯಿತು.

ಈ ಕಥೆ ಓದಿದ ಮೇಲೆಯೇ ನನಗೆ ಆ ನೀರು ತುಂಬಿದ ಪೆಟ್ಟಿಗೆ ಅರ್ಥವಾಗಿದ್ದು. ಏರ್ ಮಿನಿಸ್ಟ್ರಿಯ ನಕ್ಷೆಯಲ್ಲಿ ಅದರ ನಂಬರ್ 11008/41. ಕೊನೆಯ 41 ಅಂದರೆ ವರ್ಷ. ಅದರಲ್ಲಿ ಬಂದೂಕಿಗೆ ಹೆಚ್ಚು ಜಾಗವೇ ಇಲ್ಲ. ಇರುವುದೆಲ್ಲ ನೋಡುವುದಕ್ಕೆ ಮತ್ತು ಸುದ್ದಿ ಮುಟ್ಟಿಸುವುದಕ್ಕೆ. ಮೆಟ್ಟಿಲಿಳಿದು ತಿರುಗಿದರೆ ಸಣ್ಣ ಓಣಿ. ಅದರ ಪಕ್ಕಕ್ಕೆ ಟೆಲಿಫೋನ್ ಕೋಣೆ, ಒಂದು ಆಫೀಸು, ಮಲಗಲು ಒಂದು ಕೋಣೆ, ಒಂದು ಕಕ್ಕಸು. ಓಣಿಯ ತುದಿಯಲ್ಲಿ ಏಣಿ, ಏಣಿ ಹತ್ತಿದರೆ ನೆಲದ ಮೇಲೆ ಕಾಣುವ ಆ ಪೆಟ್ಟಿಗೆ. ಸುದ್ದಿ ಒಯ್ಯುವ ಓಟದ ಹುಡುಗರಿಗೂ ಅಲ್ಲೇ ಜಾಗ. ಫೋನ್ ತಂತಿ ಕತ್ತರಿಸಿದರೆ ಅವರೇ ಗತಿ.

ಬೇರೆ ಕಡೆ ಒಣಗಿದ್ದೊಂದು ಸಿಕ್ಕಿತ್ತು, ಅದರೊಳಗೆ ಹೋಗಿ ನೋಡಿದ್ದೇನೆ. ಟಾರ್ಚ್ ಹಿಡಿದು ಏಣಿಯ ಕಬ್ಬಿಣದ ಬಳೆಗಳನ್ನು ಹತ್ತಿದೆ. ಮೇಲಿನದು ಮೂರು ಜನ ಮೈಗೆ ಮೈ ತಾಗಿಸಿಕೊಂಡು ನಿಲ್ಲುವಷ್ಟು ಜಾಗ. ಸೀಳು ಇರುವುದು ಐದೂವರೆ ಅಡಿಯ ಗಂಡಸಿನ ಕಣ್ಣಿನ ಮಟ್ಟಕ್ಕೆ. ನಾನು ಐದಡಿ ಒಂದಿಂಚು. ಬೆರಳ ತುದಿಯ ಮೇಲೆ ನಿಂತು ನೋಡಿದೆ. ಕಣ್ಣಿಗೆ ಮೊದಲು ಬಿದ್ದದ್ದು ಹುಲ್ಲಿನ ಬುಡ. ಆ ಕೋಣೆಯಲ್ಲಿ ನಿಮ್ಮ ಕಣ್ಣು ಮೊಲದ ಕಣ್ಣಿನ ಎತ್ತರಕ್ಕೆ ಇರುತ್ತದೆ. ಆದರೂ ಒಂದು ಸುತ್ತು ತಿರುಗಿದರೆ ಇಡೀ ಬಯಲು ಒಂದೇ ಪಟ್ಟಿಯಾಗಿ ಸುತ್ತಿ ಬರುತ್ತದೆ. ಮರದ ಸಾಲು, ಹ್ಯಾಂಗರ್, ಚರ್ಚಿನ ಗೋಪುರ, ಮತ್ತೆ ಮರದ ಸಾಲು. ಒಳಗೆ ಬೇಕೋ ಹೊರಗೆ ಬೇಕೋ ಅನ್ನುವ ಪ್ರಶ್ನೆಯೇ ಇಲ್ಲ. 1940ರ ಕಿಂಡಿಗಳಿಗೆ ಒಂದು ದಿಕ್ಕಿತ್ತು. ಇದಕ್ಕೆ ದಿಕ್ಕಿಲ್ಲ. ಶತ್ರು ಎಲ್ಲಿಂದ ಬೇಕಾದರೂ ಬರಬಹುದು ಅಂತ ಒಪ್ಪಿಕೊಂಡವರು ಕಟ್ಟಿದ್ದು ಇದು.

ಸುತ್ತಲೂ ಸೀಳು ಬಿಡುವುದು ಹೇಳಿದಷ್ಟು ಸಲೀಸಲ್ಲ. ಗೋಡೆಯೇ ಇಲ್ಲದ ಕಡೆ ಚಾವಣಿಯ ಭಾರ ಹೊರುವುದು ಯಾರು? ಅಣಬೆ ಪಿಲ್‌ಬಾಕ್ಸ್ ಅಂತ ಇನ್ನೊಂದು ಜಾತಿ ಇದೆ, ಹೆಚ್ಚಾಗಿ ಕಾಣುವುದು ವಿಮಾನ ನಿಲ್ದಾಣಗಳಲ್ಲೇ. ಗುಂಡಗಿನ ಗುಂಡಿ, ಒಳಗೆ ಪ್ಲಸ್ ಗುರುತಿನ ಆಕಾರದ ಇಟ್ಟಿಗೆ ಗೋಡೆ. ಆ ಗೋಡೆಯ ಮೇಲೆ ಮಾತ್ರ ಗುಮ್ಮಟದಂಥ ಚಾವಣಿ ಕೂತಿದೆ. ಅಂಚು ಎಲ್ಲೂ ತಾಗುವುದಿಲ್ಲ, ಸುತ್ತಲೂ ಗಾಳಿಯಲ್ಲಿ ಚಾಚಿಕೊಂಡಿದೆ. ಕಿಂಡಿಯ ಕೆಳಗೆ ಸುತ್ತಲೂ ಒಂದು ಕಬ್ಬಿಣದ ಕೊಳವೆ. ಅದರ ಮೇಲೆ ಮಷಿನ್ ಗನ್ನನ್ನು ಯಾವ ಕಡೆಗೆ ಬೇಕೋ ಆ ಕಡೆಗೆ ಜಾರಿಸಿಕೊಂಡು ಹೋಗಬಹುದು. ಅಪ್ಪ ಇದರ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ನಡುವೆ ಆಧಾರ ಕೊಟ್ಟು ಸುತ್ತಲೂ ಸಜ್ಜಾ ಬಿಟ್ಟಂಗಿದೆ. ಕಂಬಿ ಮೇಲ್ಗಡೆ ಕಟ್ಟಿರ್ತಾರೆ. ಕೆಳಗೆ ಕಟ್ಟಿದ್ರೆ ಬಿದ್ದೋಗ್ತಿತ್ತು" ಅಂದರು. ಅವರ ಕೈಕೆಳಗಿನ ಹುಡುಗನೊಬ್ಬ ಒಮ್ಮೆ ಸಜ್ಜಾದ ಕಂಬಿಯನ್ನು ಕೆಳಗೆ ಕಟ್ಟಿ, ಸೆಂಟ್ರಿಂಗ್ ಬಿಚ್ಚಿದ ದಿನವೇ ಅದು ಕುಸಿದಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುವ ಕಥೆ. ಯಾರಿಗೂ ಏಟಾಗಲಿಲ್ಲ. ಅಪ್ಪ ಆ ರಾತ್ರಿ ಊಟ ಮಾಡಿರಲಿಲ್ಲ.

ಕ್ರೀಟ್ ಆದ ಮೇಲೆ ಚರ್ಚಿಲ್ ಇನ್ನೊಂದು ಪತ್ರ ಬರೆದರು, 1941ರ ಜೂನ್ 29ರಂದು. ವಾಯುಪಡೆಯ ಸಮವಸ್ತ್ರ ಹಾಕಿದ ಪ್ರತಿಯೊಬ್ಬನ ಕೈಯಲ್ಲೂ ಏನಾದರೂ ಆಯುಧ ಇರಲೇಬೇಕು, ಬಂದೂಕಿಲ್ಲದಿದ್ದರೆ ಈಟಿಯೋ ಗದೆಯೋ ಆದರೂ ಸರಿ ಅಂತ. ಗದೆ! ಮಷಿನ್ ಗನ್ ಹಿಡಿದು ಆಕಾಶದಿಂದ ಇಳಿಯುವವನ ಎದುರಿಗೆ ಭೀಮಸೇನ. ಆದರೆ ಮಾತಿನ ತಿರುಳು ಗಟ್ಟಿಯಾಗಿತ್ತು. ನಿಲ್ದಾಣ ಕಾಯುವುದು ಇನ್ನೊಬ್ಬರ ಕೆಲಸ ಅಂತ ವಾಯುಪಡೆ ಕೂರುವ ಹಾಗಿಲ್ಲ. 1942ರ ಫೆಬ್ರವರಿ 1ರಂದು ಅದಕ್ಕೇ ಅಂತ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ರೆಜಿಮೆಂಟ್ ಹುಟ್ಟಿತು.

ಅದೇ ತಿಂಗಳು ಇನ್ನೊಂದು ಕಡೆ ಏನಾಯಿತು ಅನ್ನುವುದನ್ನು ಇಲ್ಲಿಯವರು ಅಷ್ಟಾಗಿ ಹೇಳುವುದಿಲ್ಲ. ಆಗ ಬ್ರಿಟಿಷರ ಕೈಯಲ್ಲಿದ್ದ ಮಲಯಾದಲ್ಲಿ, ಅಂದರೆ ಈಗಿನ ಮಲೇಷ್ಯಾದ ಕಡೆ, ವಾಯುಪಡೆ ತನಗೆ ಬೇಕಾದ ಕಡೆ ನಿಲ್ದಾಣ ಕಟ್ಟಿಕೊಂಡಿತ್ತು. ಕಾಯಬೇಕಾದ ಸೈನ್ಯವನ್ನು ಸರಿಯಾಗಿ ಒಂದು ಮಾತು ಕೇಳಿರಲಿಲ್ಲ. ಕೋಟಾ ಬಾರು ನಿಲ್ದಾಣವಂತೂ ಸಮುದ್ರದ ದಡಕ್ಕೆ ತೀರಾ ಹತ್ತಿರ. ಆ ನಿಲ್ದಾಣಗಳನ್ನು ಕಾಯಲು ಹಾಕಿದ್ದು ಭಾರತದ ಸಂಸ್ಥಾನಗಳ ಪಡೆಗಳನ್ನು. ಹೈದರಾಬಾದ್, ಬಹಾವಲ್‌ಪುರ, ಕಪೂರ್ತಲಾ, ಮತ್ತೆ ನಮ್ಮ ಮೈಸೂರು ಇನ್‌ಫೆಂಟ್ರಿಯ ಮೊದಲ ಬೆಟಾಲಿಯನ್. 1941ರ ಡಿಸೆಂಬರ್ 8ರಂದು ಜಪಾನಿಯರು ಕೋಟಾ ಬಾರುವಿನ ದಡಕ್ಕೆ ಇಳಿದರು. ಅವತ್ತೇ ಸಂಜೆ ನಿಲ್ದಾಣ ಖಾಲಿಯಾಯಿತು. 1942ರ ಫೆಬ್ರವರಿ 15ರಂದು ಸಿಂಗಾಪುರ ಶರಣಾದಾಗ ಮೈಸೂರಿನವರೂ ಸೆರೆ ಸಿಕ್ಕರು. ಇಂಗ್ಲೆಂಡಿನ ಈ ಪೆಟ್ಟಿಗೆಗಳ ಎದುರು ಒಬ್ಬ ಶತ್ರುವೂ ಇಳಿಯಲಿಲ್ಲ. ಶತ್ರು ಬಂದ ಕಡೆ ಕಾಯುತ್ತಿದ್ದವರಲ್ಲಿ ನಮ್ಮವರಿದ್ದರು. ಅಪ್ಪನಿಗೆ ಇದನ್ನು ಹೇಳಿದಾಗ, "ಯಾವ ಊರಿನವರಂತೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಂಪಿನ ಮಾತಿಗೆ ವಾಪಸ್ ಬರುತ್ತೇನೆ. ಅಪ್ಪನ ತಕರಾರು ಕೊನೆಯ ತನಕ ಒಂದೇ. ಮೆಟ್ಟಿಲಿಗೆ ಮಳೆ ನೀರು ತಡೆಯುವ ಹೊಸ್ತಿಲು ಎತ್ತರಿಸಿಲ್ಲ, ಹೊರಗಿನ ಗೋಡೆಗೆ ನೀರು ತಡೆಯುವ ಕೆಲಸ ಮಾಡಿಲ್ಲ, ಇಳಿಜಾರು ಕೊಟ್ಟಿಲ್ಲ. "ನಾನಾಗಿದ್ರೆ ಟಾರ್ ಬಳೀತಿದ್ದೆ" ಅಂದರು. ಅವಸರದಲ್ಲಿ ಕಟ್ಟಿದ್ದು ಅಪ್ಪಾ, ಎರಡು ವರ್ಷ ನಿಂತರೆ ಸಾಕಿತ್ತು ಅವರಿಗೆ, ಅಂದೆ. "ಎಂಬತ್ತು ವರ್ಷ ನಿಂತಿದ್ಯಲ್ಲ" ಅಂತ ಹೇಳಿ, ಚಪ್ಪಡಿಯ ಕೆಳಗೆ ಕೈ ಹಾಕಿ ಸೆಂಟ್ರಿಂಗ್ ಹಲಗೆಯ ಗುರುತು ಸವರಿದರು. ಹಲಗೆಯ ಗಂಟು, ನಾರು ಎಲ್ಲ ಕಾಂಕ್ರೀಟಿನಲ್ಲಿ ಅಚ್ಚಾಗಿ ಉಳಿದಿತ್ತು. ಒಂದು ಕಡೆ ಎರಡು ಹಲಗೆಯ ಸಂದಿನಲ್ಲಿ ಸಿಮೆಂಟ್ ಹಾಲು ಸೋರಿ, ಜಲ್ಲಿ ಬಿಟ್ಟುಕೊಂಡಿತ್ತು. "ಇಲ್ಲಿ ಕುಟ್ಟಿಲ್ಲ ನೋಡು. ಸಂಜೆ ಹೊತ್ತಿಗೆ ಹಾಕಿರೋದು ಇದು. ಸುಸ್ತಾಗಿರ್ತಾರೆ."

ಅಪ್ಪ ಊರಿಗೆ ಹೋಗಿ ಈಗ ಏಳು ತಿಂಗಳು. ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಊಟ ಆಯ್ತಾ, ಚಳಿ ಹೆಂಗೆ ಅಂತ ಕೇಳಿದ ಮೇಲೆ ಸಂಪಿನ ವಿಷಯವನ್ನೂ ಕೇಳುತ್ತಾರೆ. ಹೋದ ವಾರ ಹಾಗಾಗಿ ಸುಮ್ನೆ ಆ ಕಡೆ ನಡೆದುಕೊಂಡು ಹೋಗಿದ್ದೆ. ಗೋಧಿ ಕೊಯ್ದಾಗಿತ್ತು. ಬಾಟಲಿ ಇರಲಿಲ್ಲ. ಬೇಸಿಗೆಯಲ್ಲಿ ಮಳೆ ಕಡಿಮೆ ಬಿದ್ದಿತ್ತು.

"ನಾಲ್ಕು ಮೆಟ್ಟಿಲು ಕಾಣ್ತಿದೆ ಅಪ್ಪಾ" ಅಂದೆ.

"ಹೋದ್ಸಲ ಎರಡೇ ಇತ್ತಲ್ವಾ?" ಅಂದರು. "ಹಂಗಾದ್ರೆ ಕೆಳಗಿಂದ ಊಟೆ ಇಲ್ಲ. ಮೇಲಿಂದ ಬೀಳೋ ಮಳೆ ನೀರೇ ಅದು. ಮೆಟ್ಟಿಲಿಗೆ ಒಂದು ತಗಡು ಹೊದಿಸಿದ್ರೆ ಸಾಕು, ಆ ಟ್ರ್ಯಾಕ್ಟರಿನವನಿಗೆ ಹೇಳು."